ಮನೆ ಬಾಗಿಲಿಗೆ ಲ್ಯಾಬ್, ಫೋನಿನಲ್ಲಿ ಡಾಕ್ಟರು: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಆ್ಯಪ್‌ನಲ್ಲಿ ಬುಕ್ ಮಾಡಿ ಮನೆಯಲ್ಲೇ ರಕ್ತ ಕೊಟ್ಟೆವು. ಅಪ್ಪಾಜಿಯ ಖಾಲಿ ಹೊಟ್ಟೆಯ ಶುಗರ್ 92 ಬಂತು. ಎರಡು ದಿನ ಬಿಟ್ಟು ಆಸ್ಪತ್ರೆಯಲ್ಲಿ ನೋಡಿಸಿದರೆ 121. ಯಾವುದನ್ನು ನಂಬೋಣ? (ದಾವಣಗೆರೆ)

ದಿನದಿಂದ ದಿನಕ್ಕೆ ಶುಗರ್ ಸ್ವಲ್ಪ ಏರಿಳಿಯುವುದು ಸಹಜ. ಆದರೆ ಅಂತರ ಇಷ್ಟಿದ್ದರೆ ಮೊದಲು ಅನುಮಾನಿಸಬೇಕಾದ್ದು ಸ್ಯಾಂಪಲ್ ಮಾಡಿದ ಪ್ರಯಾಣವನ್ನು. ಟ್ಯೂಬಿಗೆ ಬಿದ್ದ ಮೇಲೂ ರಕ್ತಕಣಗಳು ಸಕ್ಕರೆಯನ್ನು ಬಳಸುತ್ತಲೇ ಇರುತ್ತವೆ. ಹಾಗೇ ಇಟ್ಟರೆ ಕೋಣೆಯ ತಾಪಮಾನದಲ್ಲಿ ಗಂಟೆಗೆ ಸುಮಾರು ಶೇ. 5ರಿಂದ 7ರಷ್ಟು ಇಳಿಯುತ್ತದೆ. ಆಸ್ಪತ್ರೆಯಲ್ಲಾದರೆ ಲ್ಯಾಬ್ ಅದೇ ಕಟ್ಟಡದಲ್ಲಿರುತ್ತದೆ. ಮನೆಗೆ ಬರುವ ಹುಡುಗ ನಾಲ್ಕಾರು ಮನೆ ಸುತ್ತಿ ಕಲೆಕ್ಷನ್ ಸೆಂಟರಿಗೆ ಹೋಗಬೇಕು, ಅಲ್ಲಿಂದ ಕೆಲವು ಟ್ಯೂಬುಗಳು ದೊಡ್ಡ ಊರಿನ ಲ್ಯಾಬಿಗೆ ಹೋಗಬೇಕು.

ಶುಗರ್‌ಗೆಂದೇ ಬೂದು ಮುಚ್ಚಳದ ಫ್ಲೋರೈಡ್ ಟ್ಯೂಬ್ ಇದೆ. ಅದರಲ್ಲೇ ತುಂಬಿಸಿದ್ದಾರೆಯೇ ನೋಡಿ. ಫ್ಲೋರೈಡ್ ಕೂಡ ತಕ್ಷಣ ಕೆಲಸ ಮಾಡುವುದಿಲ್ಲ, ಮೊದಲ ಒಂದೆರಡು ಗಂಟೆ ಶುಗರ್ ಇಳಿಯುತ್ತಲೇ ಇರುತ್ತದೆ. ಪೊಟ್ಯಾಸಿಯಂ ಕತೆ ಇದಕ್ಕೆ ತಿರುವುಮುರುವು: ಕಣಗಳು ಒಡೆದರೆ, ಬೇರ್ಪಡಿಸದ ರಕ್ತ ಐಸ್ ಮೇಲೆ ಹೆಚ್ಚು ಹೊತ್ತು ಕೂತರೆ, ಇಲ್ಲದ ಏರಿಕೆ ತೋರಿಸುತ್ತದೆ.

ರಿಪೋರ್ಟಿನಲ್ಲಿ ರಕ್ತ ತೆಗೆದ ಸಮಯ, ಲ್ಯಾಬಿಗೆ ತಲುಪಿದ ಸಮಯ ಎರಡೂ ಇರುತ್ತವೆ. ನಡುವೆ ನಾಲ್ಕೈದು ಗಂಟೆ ಇದ್ದರೆ ಆ 92ನ್ನು ನಂಬಿ ನೆಮ್ಮದಿಯಾಗಬೇಡಿ. ಡಾಕ್ಟರನ್ನು ಕೇಳಿ ಎಚ್‌ಬಿಎ1ಸಿ (ಎರಡು-ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಪರೀಕ್ಷೆ) ಮಾಡಿಸಿ. ನೇರಳೆ ಮುಚ್ಚಳದ ಟ್ಯೂಬಿನ ಆ ಪರೀಕ್ಷೆ ಇಂಥ ತಡವನ್ನು ತಾಳಿಕೊಳ್ಳುತ್ತದೆ. ರಕ್ತಹೀನತೆ ಇದ್ದರೆ ಮಾತ್ರ ಅದೂ ದಾರಿ ತಪ್ಪಿಸಬಹುದು.

ಇನ್ನೊಂದು ಮಾತು. ಲ್ಯಾಬುಗಳ ಗುಣಮಟ್ಟ ಅಳೆಯುವ ಸಂಸ್ಥೆಯಾದ ಎನ್‌ಎಬಿಎಲ್‌ನ ಮಾನ್ಯತೆ ಸಿಗುವುದು ಇಂಥ ವಿಳಾಸದ ಲ್ಯಾಬಿಗೆ, ಇಂತಿಂಥ ಪರೀಕ್ಷೆಗಳಿಗೆ. ಆ್ಯಪ್‌ನ ಜಾಹೀರಾತಿನಲ್ಲಿ ಮುದ್ರೆ ಇದ್ದ ಮಾತ್ರಕ್ಕೆ ನಿಮ್ಮ ರಕ್ತ ಅದೇ ಲ್ಯಾಬಿಗೆ ಹೋಯಿತು ಎಂದಲ್ಲ.

ಪ್ರಶ್ನೆ: '80 ಟೆಸ್ಟ್' ಪ್ಯಾಕೇಜು ಅಷ್ಟು ಅಗ್ಗಕ್ಕೆ ಹೇಗೆ ಸಾಧ್ಯ? ಮಾಡಿಸಬಹುದೇ? (ಹಾಸನ)

ಅದು ಟೆಸ್ಟುಗಳ ಲೆಕ್ಕವಲ್ಲ, ರಿಪೋರ್ಟಿನ ಸಾಲುಗಳ ಲೆಕ್ಕ. ಸಿಬಿಸಿ (ರಕ್ತಕಣಗಳ ಎಣಿಕೆ) ಒಂದೇ ಇಪ್ಪತ್ತರಷ್ಟು ಸಾಲು ಕೊಡುತ್ತದೆ, ಲಿವರ್ ಪರೀಕ್ಷೆ ಇನ್ನು ಹತ್ತು. ಮೂರು ಟ್ಯೂಬು ರಕ್ತ, ಸಾವಿರಾರು ಸ್ಯಾಂಪಲ್ ಓಡಿಸುವ ಯಂತ್ರ. ಖರ್ಚು ಕಡಿಮೆ ಬೀಳುವುದು ನಿಜ. ದೊಡ್ಡ ಆಸ್ಪತ್ರೆಗಳೂ ಈಗ ಇದೇ ಪೈಪೋಟಿಗೆ ಇಳಿದಿವೆ, ಏಕೆಂದರೆ ಪ್ಯಾಕೇಜು ಮುಂದಿನ ತಪಾಸಣೆಗಳಿಗೆ ಬಾಗಿಲು.

'ನಾರ್ಮಲ್' ಮಿತಿ ಸಾಮಾನ್ಯವಾಗಿ ಆರೋಗ್ಯವಂತರಲ್ಲಿ ಶೇ. 95 ಮಂದಿಯನ್ನು ಒಳಗೊಳ್ಳುವಂತೆ ಹಾಕಿದ್ದು. ಒಂದಕ್ಕೊಂದು ಸಂಬಂಧವಿಲ್ಲದ 20 ಪರೀಕ್ಷೆ ಮಾಡಿದರೆ, ಏನೂ ಕಾಯಿಲೆ ಇಲ್ಲದವರಿಗೂ ಒಂದಾದರೂ ಕೆಂಪಕ್ಷರ ಬರುವ ಸಾಧ್ಯತೆ ಶೇ. 64. ಆ ಕೆಂಪಕ್ಷರದ ಹಿಂದೆ ಸ್ಕ್ಯಾನು, ಅದರ ಹಿಂದೆ ತಜ್ಞರು. ವಯಸ್ಸು, ಮನೆತನದ ಕಾಯಿಲೆ ನೋಡಿ ಡಾಕ್ಟರು ಬರೆದುಕೊಟ್ಟ ನಾಲ್ಕೈದು ಪರೀಕ್ಷೆಯೇ ಮೇಲು. ಕೂದಲಿಗೆಂದು ಬಯೋಟಿನ್ ಮಾತ್ರೆ ನುಂಗುತ್ತಿದ್ದರೆ ಥೈರಾಯ್ಡ್ ಪರೀಕ್ಷೆಗೆ ಮುಂಚೆ ಹೇಳಿ, ಫಲಿತಾಂಶ ಕೆಡುತ್ತದೆ.

ಪ್ರಶ್ನೆ: ವಿಡಿಯೊ ಡಾಕ್ಟರು ಅಮ್ಮನಿಗೆ ನಿದ್ದೆ ಮಾತ್ರೆ ಆಲ್ಪ್ರಜೋಲಮ್ ಬರೆಯಲು ಒಪ್ಪಲಿಲ್ಲ. ಹಣ ವಾಪಸ್ ಕೇಳಬಹುದೇ? (ಹುಬ್ಬಳ್ಳಿ)

ಅವರು ಮಾಡಿದ್ದೇ ಸರಿ. 2020ರ ಮಾರ್ಚ್ 25ರ ಟೆಲಿಮೆಡಿಸಿನ್ ಮಾರ್ಗಸೂಚಿಯಲ್ಲಿ ಮಾದಕ ಮತ್ತು (ಆಲ್ಪ್ರಜೋಲಮ್‌ನಂಥ) ಮನೋವರ್ತಕ ಔಷಧಗಳು ನಿಷೇಧದ ಪಟ್ಟಿಯಲ್ಲಿವೆ. ಕೇಳಿದ ಕೂಡಲೇ ಬರೆದುಕೊಡುವ ಆ್ಯಪ್ ಸಿಕ್ಕರೆ ಅದನ್ನೇ ಅನುಮಾನಿಸಿ. ಚೀಟಿಯಲ್ಲಿ ಡಾಕ್ಟರ ನೋಂದಣಿ ಸಂಖ್ಯೆ ಇದೆಯೇ ನೋಡಿ. ಅಮ್ಮನನ್ನು ನೇರವಾಗಿ ವೈದ್ಯರ ಬಳಿಗೇ ಕರೆದೊಯ್ಯಿರಿ.

ಪ್ರಶ್ನೆ: ಕ್ಯಾಶ್‌ಲೆಸ್ ಇನ್ಶೂರೆನ್ಸ್ ಇದ್ದರೂ ಡಿಸ್ಚಾರ್ಜ್ ದಿನ ಸಂಜೆವರೆಗೆ ಕಾಯಿಸುತ್ತಾರೆ. ನಿಯಮವೇ ಇಲ್ಲವೇ? (ಮೈಸೂರು)

ಇದೆ. ವಿಮಾ ನಿಯಂತ್ರಕ ಸಂಸ್ಥೆ ಐಆರ್‌ಡಿಎಐನ 2024ರ ಮೇ ತಿಂಗಳ ಸುತ್ತೋಲೆಯಂತೆ ಆಸ್ಪತ್ರೆಯಿಂದ ಕೋರಿಕೆ ಬಂದ ಮೂರು ಗಂಟೆಯೊಳಗೆ ವಿಮಾ ಕಂಪನಿ ಅಂತಿಮ ಒಪ್ಪಿಗೆ ಕೊಡಬೇಕು. ತಡವಾಗಿ ಆಸ್ಪತ್ರೆ ಹೆಚ್ಚು ಹಣ ಕೇಳಿದರೆ ಅದನ್ನು ಕಂಪನಿಯೇ ಭರಿಸಬೇಕು. ಆದರೆ ಗಡಿಯಾರ ಶುರುವಾಗುವುದು ಡಾಕ್ಟರು 'ಹೋಗಬಹುದು' ಎಂದಾಗಲ್ಲ. ಡಿಸ್ಚಾರ್ಜ್ ಸಮ್ಮರಿ ಟೈಪಾಗಿ, ಉಳಿದ ಔಷಧ ಫಾರ್ಮಸಿಗೆ ವಾಪಸಾಗಿ, ಅಂತಿಮ ಬಿಲ್ ಕಂಪನಿಗೆ ಹೋದ ಮೇಲೆ. ಬೆಳಗ್ಗೆಯ ಹೊತ್ತು ಹಾಳಾಗುವುದು ಹೆಚ್ಚಾಗಿ ಅಲ್ಲೇ. ಹಿಂದಿನ ಸಂಜೆಯೇ ಸಮ್ಮರಿ ಸಿದ್ಧಪಡಿಸಲು ನರ್ಸಿಂಗ್ ಸ್ಟೇಷನ್‌ನಲ್ಲಿ ಹೇಳಿಡಿ, ಬಿಲ್ ಕಳಿಸಿದ ಸಮಯವನ್ನು ಇನ್ಶೂರೆನ್ಸ್ ಡೆಸ್ಕ್‌ನಲ್ಲಿ ಕೇಳಿ ಬರೆದಿಟ್ಟುಕೊಳ್ಳಿ.