ಹಳೆಯ ಡಿಸ್ಟ್ರಿಬ್ಯೂಟರ್‌ಗೆ ಹೊಸ ಕಾಯಿಲ್ ಹಾಕಿದರೆ ಸಾಕೇ?

ಪ್ರಶ್ನೆ: ನನ್ನದು ಜೋಡಿ ಕಾರ್ಬ್ಯುರೇಟರ್‌ಗಳಿರುವ, ನಾಲ್ಕು ಸಿಲಿಂಡರ್‌ಗಳ ಹಳೆಯ ಸ್ಪೋರ್ಟ್ಸ್ ಕಾರು. ಎಂಜಿನ್ನಿನ ಕಂಪ್ರೆಷನ್ ಹೆಚ್ಚಿಸಿ, ಓವರ್‌ಲ್ಯಾಪ್ (ಒಳಹೋಗುವ, ಹೊರಬರುವ ವಾಲ್ವ್‌ಗಳೆರಡೂ ಒಟ್ಟಿಗೆ ತೆರೆದಿರುವ ಅವಧಿ) ಹೆಚ್ಚಿರುವ ಕ್ಯಾಮ್‌ಶಾಫ್ಟ್ ಹಾಕಿಸಿದ್ದೇನೆ. ಇಗ್ನಿಷನ್ ಮಾತ್ರ ಇನ್ನೂ ಹಳೆಯ ಡಿಸ್ಟ್ರಿಬ್ಯೂಟರಿನೊಳಗಿನ (ಸಿಲಿಂಡರ್‌ಗಳಿಗೆ ಸರದಿಯಂತೆ ಕಿಡಿ ಹಂಚುವ ಭಾಗ) ಪಾಯಿಂಟ್ (ಕಾಯಿಲ್‌ನ ಕರೆಂಟನ್ನು ಕಡಿಯುವ ಸ್ವಿಚ್) ಮತ್ತು ಕಂಡೆನ್ಸರ್‌ನದೇ. 5500 ಆರ್‌ಪಿಎಂ ದಾಟಿದರೆ ಮಿಸ್ಸಿಂಗ್ ಶುರುವಾಗುತ್ತದೆ. ಹೆಚ್ಚು ವೋಲ್ಟೇಜಿನ ಕಾಯಿಲ್ (ಬ್ಯಾಟರಿಯ ವೋಲ್ಟೇಜನ್ನು ಕಿಡಿಗೆ ಬೇಕಾದಷ್ಟು ಏರಿಸುವ ಸುರುಳಿ) ಹಾಕಿದರೆ ಸರಿಹೋಗುವುದೇ, ಅಥವಾ ಸಿಡಿಐ ಘಟಕವನ್ನೇ (ಕೆಪಾಸಿಟರಿನಲ್ಲಿ ತುಂಬಿಟ್ಟ ಶಕ್ತಿಯಿಂದ ಕಿಡಿ ಹಾರಿಸುವ ಎಲೆಕ್ಟ್ರಾನಿಕ್ ಇಗ್ನಿಷನ್) ಅಳವಡಿಸಬೇಕೇ?

ಉತ್ತರ: ಖರ್ಚಿಗೆ ಕೈಹಾಕುವ ಮೊದಲು ಮಿಸ್ಸಿಂಗ್ ಕಿಡಿಯದೋ ಪೆಟ್ರೋಲಿನದೋ ಎಂದು ತಿಳಿದುಕೊಳ್ಳಿ. ಪೂರ್ತಿ ಥ್ರಾಟಲ್‌ನಲ್ಲಿ ಕೆಲವು ಸೆಕೆಂಡು ಓಡಿದ ನಂತರವೇ ಎಂಜಿನ್ ಸೊರಗಿದರೆ ಫ್ಲೋಟ್ ಚೇಂಬರ್‌ಗೆ ಪೆಟ್ರೋಲ್ ಸಾಲುತ್ತಿಲ್ಲ ಎಂಬ ಅನುಮಾನ ಬಲವಾಗುತ್ತದೆ. ಅದೇ ಆರ್‌ಪಿಎಂ ಮುಟ್ಟಿದ ಕ್ಷಣವೇ ತಡವರಿಸಿ, ಜೊತೆಗೆ ಟ್ಯಾಕೋಮೀಟರಿನ ಮುಳ್ಳೂ ಕುಣಿದರೆ ದೋಷ ಬಹುತೇಕ ಇಗ್ನಿಷನ್ನಿನದು.

ಕಾಯಿಲ್ ಡಬ್ಬದ ಮೇಲೆ ಬರೆದಿರುವ ವೋಲ್ಟೇಜನ್ನು ನೋಡಿ ಮರುಳಾಗಬೇಡಿ. ಪ್ಲಗ್ಗಿನ ಗ್ಯಾಪ್ ಮತ್ತು ಸಿಲಿಂಡರಿನ ಒತ್ತಡ ಎಷ್ಟು ಬೇಡುತ್ತವೆಯೋ ಅಷ್ಟಕ್ಕೆ ಏರಿದ ಕೂಡಲೇ ಕಿಡಿ ಹಾರುತ್ತದೆ. ಉಳಿದದ್ದು ಮೀಸಲು ಮಾತ್ರ. ಕಂಪ್ರೆಷನ್ ಹೆಚ್ಚಿಸಿರುವುದರಿಂದ ನಿಮ್ಮ ಎಂಜಿನ್ನಿನ ಬೇಡಿಕೆ ಮೊದಲಿಗಿಂತ ಏರಿದೆ ಎಂಬುದು ನಿಜ. ಆದರೆ 6000 ಆರ್‌ಪಿಎಂನಲ್ಲಿ ನಾಲ್ಕು ಸಿಲಿಂಡರ್‌ಗಳಿಗೆ ಸೆಕೆಂಡಿಗೆ 200 ಕಿಡಿ ಬೇಕು, ಅಂದರೆ ಒಂದು ಕಿಡಿಗೂ ಇನ್ನೊಂದಕ್ಕೂ ನಡುವೆ ಸಿಗುವುದು 5 ಮಿಲಿಸೆಕೆಂಡು. ಅದರಲ್ಲಿ ಪಾಯಿಂಟ್ ಮುಚ್ಚಿಕೊಂಡು ಕಾಯಿಲ್‌ಗೆ ಕರೆಂಟ್ ಹರಿಯುವುದು ಸುಮಾರು 3 ಮಿಲಿಸೆಕೆಂಡು. ಆ ವೇಗದಲ್ಲಿ ಪಾಯಿಂಟ್ ಮುಚ್ಚುವಾಗ ಪುಟಿಯತೊಡಗಿದರೆ ಈ ಅವಧಿಯೂ ಕತ್ತರಿಸಿಹೋಗುತ್ತದೆ, ಯಾವ ಕಾಯಿಲ್ ಇದ್ದರೂ ಪೂರ್ತಿ ತುಂಬಿಕೊಳ್ಳುವುದಿಲ್ಲ. ಕಡಿಮೆ ಓಮ್‌ನ ಕಾಯಿಲನ್ನು ಪಾಯಿಂಟ್‌ಗೆ ನೇರವಾಗಿ ಜೋಡಿಸಿದರಂತೂ ಹೆಚ್ಚು ಕರೆಂಟ್ ಹರಿದು ಪಾಯಿಂಟ್ ಬೇಗನೆ ಸುಟ್ಟುಹೋಗುತ್ತದೆ.

ಆದ್ದರಿಂದ ಕೆಲಸ ಡಿಸ್ಟ್ರಿಬ್ಯೂಟರಿನಿಂದಲೇ ಆರಂಭವಾಗಲಿ. ಕ್ಯಾಪ್ ತೆಗೆದು ಶಾಫ್ಟನ್ನು ಅಡ್ಡಕ್ಕೆ ಅಲ್ಲಾಡಿಸಿ ನೋಡಿ. ಬುಷ್ ಸವೆದು ಆಟ ಬಂದಿದ್ದರೆ ಪ್ರತಿ ಸಿಲಿಂಡರಿಗೂ ಕಿಡಿ ಬೇರೆ ಬೇರೆ ಡಿಗ್ರಿಯಲ್ಲಿ ಹಾರುತ್ತದೆ, ಟೈಮಿಂಗ್ ಲೈಟ್ ಹಿಡಿದಾಗ ಗುರುತು ಒಂದೆಡೆ ನಿಲ್ಲುವುದಿಲ್ಲ. ಇಂಥ ಶಾಫ್ಟಿನ ಮೇಲೆ, ಪಾಯಿಂಟ್ ಬದಲು ಶಾಫ್ಟ್ ತಿರುಗುವುದನ್ನು ಗ್ರಹಿಸುವ ಎಲೆಕ್ಟ್ರಾನಿಕ್ ಪಿಕಪ್ ಕೂರಿಸಿದರೂ ಹಣ ದಂಡ.

ಬುಷ್ ಸರಿಯಿದ್ದರೆ ಪಾಯಿಂಟ್ ತೆಗೆದು, ಮ್ಯಾಗ್ನೆಟಿಕ್ ಅಥವಾ ಆಪ್ಟಿಕಲ್ ಪಿಕಪ್ಪನ್ನೂ ಅದರ ಮಾಡ್ಯೂಲ್ (ಕಾಯಿಲ್‌ನ ಕರೆಂಟನ್ನು ನಿಯಂತ್ರಿಸುವ ಎಲೆಕ್ಟ್ರಾನಿಕ್ ಭಾಗ) ಒಪ್ಪುವ ಓಮ್‌ನ ಕಾಯಿಲನ್ನೂ ಹಾಕಿಸಿ. ಕಾಯಿಲ್‌ಗೆ ಹರಿಯುವ ಕರೆಂಟನ್ನು ಮಿತಗೊಳಿಸುವ ಬ್ಯಾಲಸ್ಟ್ ರೆಸಿಸ್ಟರ್ ಇರಬೇಕೋ ಬೇಡವೋ ಎಂಬುದನ್ನು ಮಾಡ್ಯೂಲಿನ ಸೂಚನೆಯೇ ನಿರ್ಧರಿಸಬೇಕು, ಊಹೆಯಲ್ಲ. ತಾಮ್ರದ ತಂತಿಯ ಪ್ಲಗ್ ವೈರ್‌ಗಳು ಮಾಡ್ಯೂಲಿಗೆ ತೊಂದರೆ ಕೊಡಬಹುದಾದ್ದರಿಂದ ರೆಸಿಸ್ಟನ್ಸ್ ಇರುವ ವೈರ್‌ಗಳನ್ನೇ ಬಳಸಿ.

ಸಿಡಿಐ ನಿಮಗೆ ಅಗತ್ಯವೆಂದು ನನಗನಿಸುವುದಿಲ್ಲ. ಅದರ ಕಿಡಿ ಬಹಳ ಬೇಗ ಏರುತ್ತದೆ, ಹಾಗೆಯೇ ಬಹಳ ಬೇಗ ಆರುತ್ತದೆ. ಓವರ್‌ಲ್ಯಾಪ್ ಹೆಚ್ಚಿರುವ ಕ್ಯಾಮ್ ಐಡಲ್‌ನಲ್ಲಿ ಸುಟ್ಟ ಅನಿಲವನ್ನೂ ಸಿಲಿಂಡರಿನಲ್ಲಿ ಉಳಿಸುವುದರಿಂದ, ಅಂಥ ಮಿಶ್ರಣಕ್ಕೆ ಸ್ವಲ್ಪ ಹೊತ್ತು ಉರಿಯುವ ಕಾಯಿಲ್ ಕಿಡಿಯೇ ಹಿತ. ಕಡಿಮೆ ವೇಗದಲ್ಲಿ ಹಲವು ಕಿಡಿಗಳನ್ನು ಹಾರಿಸಿ ಈ ಕೊರತೆ ತುಂಬುವ ಸಿಡಿಐಗಳಿವೆ, ಆದರೆ ಅವುಗಳ ನಿಜವಾದ ಲಾಭ ಇನ್ನೂ ಹೆಚ್ಚು ಆರ್‌ಪಿಎಂನ ಅಥವಾ ಎಂಟು ಸಿಲಿಂಡರಿನ ಎಂಜಿನ್‌ಗಳಿಗೆ.

ಇನ್ನು ಹೆಚ್ಚಿನವರು ಮರೆಯುವ ಅಡ್ವಾನ್ಸ್, ಅಂದರೆ ಪಿಸ್ಟನ್ ಮೇಲ್ತುದಿ ಮುಟ್ಟುವ ಎಷ್ಟು ಡಿಗ್ರಿ ಮೊದಲು ಕಿಡಿ ಹಾರಬೇಕು ಎಂಬುದು. ನಿಮ್ಮ ಕ್ಯಾಮ್ ಐಡಲ್‌ನಲ್ಲಿ ಹೆಚ್ಚು ಅಡ್ವಾನ್ಸ್ ಕೇಳುತ್ತದೆ, ಹೆಚ್ಚಿದ ಕಂಪ್ರೆಷನ್ ಒಟ್ಟು ಅಡ್ವಾನ್ಸನ್ನು ತಗ್ಗಿಸಲು ಹೇಳುತ್ತದೆ. ಎರಡನ್ನೂ ಒಪ್ಪಿಸಲು ಡಿಸ್ಟ್ರಿಬ್ಯೂಟರಿನ ಒಳಗಿದ್ದು ವೇಗದೊಂದಿಗೆ ಅಡ್ವಾನ್ಸ್ ಏರಿಸುವ ತೂಕಗಳ ಚಲನೆಗೆ ಮಿತಿ ಹಾಕಬೇಕು. ಉದಾಹರಣೆಗೆ ಆರಂಭಕ್ಕೆ 14, ಒಟ್ಟು 32 ಡಿಗ್ರಿ ಬೇಕೆಂದಿಟ್ಟುಕೊಂಡರೆ ತೂಕಗಳು ಕೊಡಬೇಕಾದದ್ದು 18. ಡಿಸ್ಟ್ರಿಬ್ಯೂಟರ್ ಎಂಜಿನ್ನಿನ ಅರ್ಧ ವೇಗದಲ್ಲಿ ತಿರುಗುವುದರಿಂದ ಅದರೊಳಗೆ ಇದು 9 ಡಿಗ್ರಿ ಮಾತ್ರ. ಒಟ್ಟು ಅಡ್ವಾನ್ಸನ್ನು ವ್ಯಾಕ್ಯೂಮ್ ಪೈಪ್ ಕಳಚಿ, ಅದರ ಬಾಯಿ ಮುಚ್ಚಿ ಅಳೆಯಿರಿ. ಹೆಚ್ಚಿನ ವೇಗದಲ್ಲಿ ಎಂಜಿನ್ ನಾಕಿಂಗ್ (ಮಿಶ್ರಣ ತಾನಾಗಿಯೇ ಸಿಡಿಯುವುದು) ಆಗುತ್ತಿದ್ದರೂ ಕಿವಿಗೆ ಬೀಳದೆ ಪಿಸ್ಟನ್ ಹಾಳಾಗಬಹುದು, ಹಾಗಾಗಿ ಕಡಿಮೆ ಡಿಗ್ರಿಯಿಂದ ಆರಂಭಿಸಿ ಎರಡೆರಡೇ ಡಿಗ್ರಿ ಏರಿಸುತ್ತ ಹೋಗಿ, ಶಕ್ತಿ ಹೆಚ್ಚುವುದು ನಿಂತಲ್ಲಿಂದ ಒಂದು ಹೆಜ್ಜೆ ಹಿಂದಕ್ಕೆ ತಂದು ಬಿಗಿಮಾಡಿ.