ಅಮೆರಿಕದ ಹಳೆಯ ಜನಪದ ಹಾಡುಗಳ ರೆಕಾರ್ಡುಗಳಲ್ಲಿ ಕೆಲವಕ್ಕೆ ಒಂದು ಡಾಲರ್, ಕೆಲವಕ್ಕೆ ಸಾವಿರಾರು ಡಾಲರ್: ಹೀಗೇಕೆ?

ನೀವು ಕೇಳಿರುವುದು 78 ಆರ್‌ಪಿಎಂ ತಟ್ಟೆಗಳ, ಅಂದರೆ ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ಗ್ರಾಮಫೋನ್ ರೆಕಾರ್ಡುಗಳ ಬಗ್ಗೆ. ಅವನ್ನು ಹವ್ಯಾಸಕ್ಕಾಗಿ ಸಂಗ್ರಹಿಸುವ ನನ್ನ ಅನುಭವದಲ್ಲಿ ಬೆಲೆಗೂ ವಯಸ್ಸಿಗೂ ಹೆಚ್ಚಿನ ನಂಟಿಲ್ಲ. ಎಷ್ಟು ಪ್ರತಿಗಳು ಉಳಿದಿವೆ ಎಂಬುದೇ ಮುಖ್ಯ. ವರ್ನನ್ ಡಾಲ್‌ಹಾರ್ಟ್ 1924ರಲ್ಲಿ ಹಾಡಿದ ‘ದಿ ಪ್ರಿಸನರ್ಸ್ ಸಾಂಗ್’ ಲಕ್ಷಗಟ್ಟಲೆ ಮಾರಾಟವಾಗಿತ್ತು, ಹಾಗಾಗಿ ಇಂದು ಅದನ್ನು ಕೊಳ್ಳಲು ಮುಂದೆ ಬರುವವರಿಲ್ಲ.

ಪ್ಯಾರಾಮೌಂಟ್ ಎಂಬ ರೆಕಾರ್ಡು ಲೇಬಲ್ಲಿನ (ಬ್ರ್ಯಾಂಡಿನ) ಕಥೆ ಬೇರೆ. ವಿಸ್ಕಾನ್ಸಿನ್ನಿನ ಕುರ್ಚಿ ತಯಾರಿಕಾ ಕಂಪನಿಯೊಂದು ನಡೆಸುತ್ತಿದ್ದ ಈ ಲೇಬಲ್, ಚಾರ್ಲಿ ಪ್ಯಾಟನ್, ಸ್ಕಿಪ್ ಜೇಮ್ಸ್ ಮೊದಲಾದ ಮಿಸಿಸಿಪ್ಪಿಯ ಕಪ್ಪು ಗಾಯಕರ ಹಾಡುಗಳನ್ನು ಅಗ್ಗದ ಅರಗಿನ ಮಿಶ್ರಣದಲ್ಲಿ ಒತ್ತಿ ಮಾರುತ್ತಿತ್ತು. ಜೇಮ್ಸ್ ಅಲ್ಲಿ ಹಾಡಿದ್ದು 1931ರಲ್ಲಿ. ಆರ್ಥಿಕ ಮಹಾಕುಸಿತದ ಆ ದಿನಗಳಲ್ಲಿ ರೆಕಾರ್ಡು ಕೊಳ್ಳಲು ಜನರ ಕೈಯಲ್ಲಿ ಕಾಸಿರಲಿಲ್ಲವಾದ್ದರಿಂದ ಒತ್ತಿದ ಪ್ರತಿಗಳೇ ಕಡಿಮೆ, ಉಳಿದವು ಬೆರಳೆಣಿಕೆ. ಮೇಲೆ ಎರಡನೇ ಮಹಾಯುದ್ಧ ಬಂತು. ರೆಕಾರ್ಡಿಗೆ ಬೇಕಾದ ಅರಗು ಬಹುಪಾಲು ನಮ್ಮ ಭಾರತದಿಂದಲೇ ಹೋಗಬೇಕಿತ್ತು. 1942ರಲ್ಲಿ ಅದರ ಬಳಕೆಗೆ ಅಮೆರಿಕ ಸರ್ಕಾರ ಕಡಿವಾಣ ಹಾಕಿದಾಗ, ಹಳೆಯ ತಟ್ಟೆಗಳನ್ನು ಜನರಿಂದ ಒಟ್ಟುಮಾಡಿ ಪುಡಿಗೈದು ಹೊಸ ರೆಕಾರ್ಡು ಒತ್ತಿದರು. ಹೀಗೆ ಕರಗಿಹೋದವುಗಳಲ್ಲಿ ಏನೇನಿತ್ತೆಂದು ಯಾರು ಲೆಕ್ಕವಿಟ್ಟಾರು! ಮಿಸಿಸಿಪ್ಪಿಯ ಇನ್ನೊಬ್ಬ ಗಾಯಕ ಟಾಮಿ ಜಾನ್ಸನ್ನನ ಒಂದು ಪ್ಯಾರಾಮೌಂಟ್ ತಟ್ಟೆ 2013ರಲ್ಲಿ ಇಬೇಯಲ್ಲಿ 37,100 ಡಾಲರಿಗೆ ಹರಾಜಾದದ್ದು ಈ ಹಿನ್ನೆಲೆಯಲ್ಲಿ.

ಆದರೂ ಬೆಲೆ ಹಾಡಿನ ಗುಣದ ಅಳತೆಗೋಲಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಕೇಳುವುದಷ್ಟೇ ಉದ್ದೇಶವಾದರೆ, ರೆಕಾರ್ಡು ಸಂಗ್ರಾಹಕ ಹ್ಯಾರಿ ಸ್ಮಿತ್ ತನ್ನ ಸಂಗ್ರಹದಿಂದಲೇ ಆಯ್ದು 1952ರಲ್ಲಿ ಫೋಕ್‌ವೇಸ್ ಎಂಬ ರೆಕಾರ್ಡು ಕಂಪನಿಯ ಮೂಲಕ ಹೊರತಂದ 84 ಹಾಡುಗಳ ಸಂಕಲನದಿಂದ ಆರಂಭಿಸಿ. ಅದು ಈಗಲೂ ಸುಲಭವಾಗಿ ಸಿಗುತ್ತದೆ.

ಕೊಳ್ಳಲೇಬೇಕೆಂದಿದ್ದರೆ ತಟ್ಟೆಯನ್ನು ದೀಪಕ್ಕೆ ಓರೆಯಾಗಿ ಹಿಡಿದು ನೋಡಿ. ಮುಳ್ಳು ಓಡುವ ಗೀರುಗಳು (ಹಾಡು ಅಡಗಿರುವ ಸಣ್ಣ ಕಾಲುವೆಗಳು) ಮಾಸಿ ಬೂದುಬಣ್ಣಕ್ಕೆ ತಿರುಗಿದ್ದರೆ ಹಳೆಯ ಗ್ರಾಮಫೋನಿನ ಉಕ್ಕಿನ ಮುಳ್ಳು ಅವನ್ನು ಸವೆಸಿದೆ ಎಂದರ್ಥ. ಹೊಳಪು ಉಳಿದಿದ್ದರೆ ಸಣ್ಣ ಗೆರೆಗಳಿದ್ದರೂ ಹೆದರಬೇಕಿಲ್ಲ. ಸ್ಪಿರಿಟ್ಟಿನಿಂದ ಮಾತ್ರ ಎಂದೂ ಒರೆಸಬೇಡಿ, ಅರಗು ಕರಗುತ್ತದೆ. ನಂತರ ಬಂದ ಎಲ್‌ಪಿ (ಲಾಂಗ್ ಪ್ಲೇ) ರೆಕಾರ್ಡಿನ ಮುಳ್ಳಿನಿಂದಲೂ ನುಡಿಸಬೇಡಿ: 78ರ ಗೀರು ಅಗಲವಾದದ್ದು, ಸಣ್ಣ ಮುಳ್ಳು ಅದರ ತಳದ ಕಸವನ್ನೇ ಕೆರೆಯುತ್ತಾ ಹಾಡಿಗಿಂತ ಕರಕರ ಸದ್ದನ್ನೇ ಹೆಚ್ಚು ಕೇಳಿಸುತ್ತದೆ.