ಊರಿಗೂ ಕಚ್ಚಾ ದಾರಿಗೂ ಒಂದೇ ಬೈಕು: ಕನ್ನಡಿ ಎಂಥದ್ದಿರಬೇಕು?

ಪ್ರಶ್ನೆ: ನನ್ನ ಬಳಿ 200 ಸಿಸಿಯ ಡ್ಯುಯಲ್ ಸ್ಪೋರ್ಟ್ ಬೈಕ್ ಇದೆ. ವಾರವಿಡೀ ರಾಜಾಜಿನಗರದಿಂದ ಮಾರತ್ತಹಳ್ಳಿಯ ಕಚೇರಿಗೆ ಓಡಾಡುತ್ತೇನೆ, ಭಾನುವಾರ ಮಾಗಡಿ, ರಾಮನಗರದ ಕಡೆಯ ಮಣ್ಣುದಾರಿಗಳಿಗೆ ಹೋಗುತ್ತೇನೆ. ಅಲ್ಲಿ ಬಿದ್ದಾಗಲೆಲ್ಲ ಎಡಗಡೆಯ ಕನ್ನಡಿ ಒಡೆಯುತ್ತದೆ. ಹ್ಯಾಂಡಲ್ ತುದಿಗೆ ಕೂರಿಸುವ ಬಾರ್-ಎಂಡ್ ಕನ್ನಡಿ ಹಾಕಿಸಿಕೊಳ್ಳಿ ಎಂದು ಅಂಗಡಿಯವರು ಹೇಳುತ್ತಾರೆ. ಎರಡನ್ನೂ ಕಳಚಿಬಿಡು ಎಂದು ಗೆಳೆಯರು ಹೇಳುತ್ತಾರೆ. ಯಾವುದು ಸರಿ?

ಉತ್ತರ: ಎರಡೂ ಬೇಡ. ನಿಮ್ಮಂಥ ಸವಾರಿಗೆ ಒಗ್ಗುವುದು ಮಡಚುವ ತೋಳಿನ ಕನ್ನಡಿ. ಬಿದ್ದಾಗ ಅಥವಾ ಕೊಂಬೆ ತಗುಲಿದಾಗ ಅದು ತಾನಾಗಿ ಬಗ್ಗಬೇಕು, ಎದ್ದ ಮೇಲೆ ಪಾನಾ ಹಿಡಿಯದೆ ಕೈಯಿಂದಲೇ ಮೊದಲಿನ ಜಾಗಕ್ಕೆ ಮರಳಬೇಕು. ಕೊಳ್ಳುವಾಗ ಹೆಚ್ಚಿನವರು ಗಾಜಿನ ಆಕಾರವನ್ನು ನೋಡುತ್ತಾರೆ. ನಾನು ಮೊದಲು ತೋಳನ್ನೂ ಅದರ ಕೀಲನ್ನೂ ನೋಡಲು ಹೇಳುತ್ತೇನೆ.

ಇದಕ್ಕೆ ಕಾರಣ ಗಾಜಿನ ಬೆಲೆಯಲ್ಲ. ಬಹುತೇಕ ಬೈಕುಗಳಲ್ಲಿ ಎಡಗನ್ನಡಿ ಕ್ಲಚ್ ಲಿವರ್ ಕೂತಿರುವ ಹಿಡಿಕೆಗೂ ಬಲಗನ್ನಡಿ ಮುಂದಿನ ಬ್ರೇಕಿನ ಮಾಸ್ಟರ್ ಸಿಲಿಂಡರ್ (ಬ್ರೇಕ್ ಎಣ್ಣೆಯನ್ನು ಒತ್ತುವ ಭಾಗ) ಹಿಡಿಕೆಗೂ ಸೇರಿಕೊಂಡಿರುತ್ತದೆ. ಉಕ್ಕಿನ ಗಟ್ಟಿ ಕಂಬಿ ನೆಲಕ್ಕೆ ಬಡಿದಾಗ ಆ ಹೊಡೆತ ಕಂಬಿಯಲ್ಲೇ ನಿಲ್ಲದೆ ಬುಡಕ್ಕೆ ಇಳಿಯುತ್ತದೆ, ಮತ್ತು ಬುಡದಲ್ಲಿರುವುದು ಎರಕ ಹೊಯ್ದ ಅಲ್ಯೂಮಿನಿಯಂ. ಅದು ಬಗ್ಗುವುದಕ್ಕಿಂತ ಮೊದಲು ಬಿರಿಯುತ್ತದೆ. ಗಾಜು ಒಡೆದರೆ ಮನೆ ಸೇರಬಹುದು, ಆದರೆ ಸಾವನದುರ್ಗದ ತಪ್ಪಲಿನ ಯಾವುದೋ ಹಳ್ಳಿದಾರಿಯಲ್ಲಿ ಕ್ಲಚ್ ಹಿಡಿಕೆ ಮುರಿದರೆ ಟೆಂಪೋ ಹುಡುಕಬೇಕಾಗುತ್ತದೆ. ಆದ್ದರಿಂದ ಹೊಡೆತಕ್ಕೆ ಮೊದಲು ಸೋಲುವ ಭಾಗ ಕನ್ನಡಿಯ ಕೀಲೇ ಆಗಿರಬೇಕು. ಇಂಥ ಕೀಲುಗಳಲ್ಲಿ ಎರಡು ಬಗೆಗಳು ಸಾಮಾನ್ಯ: ಸ್ಪ್ರಿಂಗ್ ಬಿಗಿತದ ಮೇಲೆ ಮಡಚಿಕೊಳ್ಳುವಂಥದ್ದು ಮತ್ತು ರಬ್ಬರ್ ಹೊದಿಸಿದ ಒಂದಿಂಚಿನ ಗುಂಡನ್ನು ಎರಡು ಬಟ್ಟಲುಗಳ ನಡುವೆ ಒಂದೇ ತಿರುಪಿನಿಂದ ಬಿಗಿಯುವಂಥದ್ದು. ಎರಡನೆಯದನ್ನೇ ನಾನು ಮೆಚ್ಚುತ್ತೇನೆ, ಏಕೆಂದರೆ ಆ ರಬ್ಬರ್ ನಡುಕವನ್ನೂ ಸ್ವಲ್ಪ ಹೀರಿಕೊಳ್ಳುತ್ತದೆ ಮತ್ತು ಬಿಗಿತವನ್ನು ನಿಮ್ಮ ಅಗತ್ಯಕ್ಕೆ ತಕ್ಕಂತೆ ಹೊಂದಿಸಿಕೊಳ್ಳಬಹುದು. ಅಂಗಡಿಯಲ್ಲೇ ಹಲವು ಬಾರಿ ಮಡಚಿ ಬಿಡಿಸಿ ನೋಡಿ. ಅಷ್ಟಕ್ಕೇ ಸಡಿಲವಾಗುವ ಕೀಲು ರಿಂಗ್ ರೋಡಿನ ಗಾಳಿಗೆ ನಿಲ್ಲುವುದಿಲ್ಲ.

ಬಾರ್-ಎಂಡ್ ಕನ್ನಡಿ ಕೆಫೆ ರೇಸರ್ ಬೈಕುಗಳಿಗೆ ಚೆಂದ. ಡ್ಯುಯಲ್ ಸ್ಪೋರ್ಟ್ ಬೈಕಿನ ಹ್ಯಾಂಡಲ್ ಮೊದಲೇ 80 ಸೆಂ.ಮೀ. ಆಸುಪಾಸಿನ ಅಗಲವಿರುತ್ತದೆ, ಅದರ ಎರಡೂ ತುದಿಗೆ ಇನ್ನಷ್ಟು ಸೇರಿಸಿದರೆ ಸಿಲ್ಕ್ ಬೋರ್ಡ್ ಬಳಿ ಬಸ್ಸಿಗೂ ಆಟೋಗೂ ನಡುವೆ ನುಸುಳುವಾಗ ಮೊದಲು ತಾಗುವುದು ಅದೇ, ಕಾಡುದಾರಿಯಲ್ಲಿ ಮರದ ಬೊಡ್ಡೆಗೆ ಮೊದಲು ಸಿಗುವುದೂ ಅದೇ. ಸಾಲದ್ದಕ್ಕೆ, ಬೆರಳುಗಳನ್ನು ಕಾಯುವ, ಲೋಹದ ಬೆನ್ನೆಲುಬಿರುವ ಹ್ಯಾಂಡ್‌ಗಾರ್ಡ್ ಕೂಡ ಹ್ಯಾಂಡಲ್‌ನ ತುದಿಯಲ್ಲೇ ಬಿಗಿಯಾಗಬೇಕು. ಹ್ಯಾಂಡ್‌ಗಾರ್ಡ್ ಅಥವಾ ಬಾರ್-ಎಂಡ್ ಕನ್ನಡಿ ಎಂಬ ಆಯ್ಕೆ ಬಂದರೆ ಬೆರಳುಗಳ ಪರವಾಗಿ ನಿಲ್ಲಿ.

ಇನ್ನು ಗಾಜಿನ ಮಾತು. ಬೈಕಿನ ಕನ್ನಡಿಗಳು ಸಾಮಾನ್ಯವಾಗಿ ಪೀನ ದರ್ಪಣಗಳು, ಅಂದರೆ ಹೊರಗೆ ಉಬ್ಬಿದವು. ಹೆಚ್ಚು ವಿಸ್ತಾರವನ್ನು ತೋರಿಸುತ್ತವೆ, ಅದಕ್ಕೆ ಪ್ರತಿಯಾಗಿ ಎಲ್ಲವನ್ನೂ ಚಿಕ್ಕದಾಗಿಸುತ್ತವೆ. ವಿಶ್ವಸಂಸ್ಥೆಯ ಯುರೋಪ್ ಆರ್ಥಿಕ ಆಯೋಗದ 81ನೇ ನಿಯಮ ದ್ವಿಚಕ್ರ ವಾಹನಗಳ ಕನ್ನಡಿಗೆ ಸಂಬಂಧಿಸಿದ್ದು. ಪ್ರತಿಫಲಿಸುವ ಮೇಲ್ಮೈ ಕನಿಷ್ಠ 69 ಚದರ ಸೆಂ.ಮೀ. ಇರಬೇಕು, ದುಂಡು ಕನ್ನಡಿಯಾದರೆ ವ್ಯಾಸ 94 ಮಿ.ಮೀ.ಗಿಂತ ಕಡಿಮೆ ಇರಬಾರದು, ಉಬ್ಬಿನ ವಕ್ರತಾ ತ್ರಿಜ್ಯ 1000ದಿಂದ 1500 ಮಿ.ಮೀ. ಒಳಗಿರಬೇಕು ಎಂದು ಅದು ಹೇಳುತ್ತದೆ. ಈ ತ್ರಿಜ್ಯ ಬರಿಯ ಕಾಗದದ ಲೆಕ್ಕವಲ್ಲ. 1200 ಮಿ.ಮೀ. ತ್ರಿಜ್ಯದ ಕನ್ನಡಿಯನ್ನು 60 ಸೆಂ.ಮೀ. ದೂರದಿಂದ ನೋಡಿದರೆ, 15 ಮೀಟರ್ ಹಿಂದಿರುವ ವಾಹನ ಚಪ್ಪಟೆ ಕನ್ನಡಿಯಲ್ಲಿ ಕಾಣುವುದರ ಅರ್ಧದಷ್ಟೇ ಗಾತ್ರಕ್ಕೆ ಕಾಣುತ್ತದೆ. ಕಣ್ಣು ಅದನ್ನು 30 ಮೀಟರ್ ಆಚೆಗಿದೆ ಎಂದು ಅಂದಾಜು ಮಾಡುತ್ತದೆ. ಕನ್ನಡಿ ಇನ್ನೂ ಹೆಚ್ಚು ಉಬ್ಬಿದ್ದರೆ ಈ ಮೋಸವೂ ಹೆಚ್ಚುತ್ತದೆ. ಅಗ್ಗದ, ಅಂಗೈಗಿಂತ ಚಿಕ್ಕದಾದ, ಹೆಚ್ಚು ಉಬ್ಬಿದ ದುಂಡು ಕನ್ನಡಿಗಳನ್ನು ನಾನು ಒಪ್ಪದಿರುವುದು ಇದಕ್ಕೇ: ಹೆಬ್ಬಾಳದ ಮೇಲ್ಸೇತುವೆಯಲ್ಲಿ ಹಿಂದಿನ ಬಸ್ಸು ದೂರದಲ್ಲಿದೆ ಎಂದು ನಂಬಿ ಪಕ್ಕದ ಸಾಲಿಗೆ ಸರಿಯುವವರಿಗೆ ಅವು ಅಪಾಯಕಾರಿ. ದೊಡ್ಡ ಕನ್ನಡಿಯಿದ್ದರೂ ಸಾಲು ಬದಲಿಸುವ ಮುನ್ನ ಒಮ್ಮೆ ಕತ್ತು ಹೊರಳಿಸಿ ನೋಡಲೇಬೇಕು.

ಒಡೆಯದ ಅಕ್ರಿಲಿಕ್ ಕನ್ನಡಿಯ ಆಸೆ ಸಹಜ. ಆದರೆ ನಮ್ಮ ಕೆಂಧೂಳನ್ನು ಒಣಬಟ್ಟೆಯಿಂದ ಒರೆಸುತ್ತ ಹೋದರೆ ಅದು ಬೇಗ ಗೀರುಬಿದ್ದು ಮಂಕಾಗುತ್ತದೆ. ಕೊಂಡರೆ ಮೊದಲು ನೀರು ಸುರಿದು ಆಮೇಲೆ ಒರೆಸುವ ಅಭ್ಯಾಸ ಮಾಡಿಕೊಳ್ಳಿ.

ನಡುಕದ ಬಗ್ಗೆ ನೀವು ಕೇಳಿಲ್ಲ, ಆದರೂ ಉದ್ದ ತೋಳಿನ ಕನ್ನಡಿ ಕೊಂಡವರು ಆಮೇಲೆ ಕೇಳುವುದು ಅದನ್ನೇ. ಎಂಜಿನ್ ನಿಮಿಷಕ್ಕೆ 6000 ಸುತ್ತು ತಿರುಗುವಾಗ ಸೆಕೆಂಡಿಗೆ 100 ಬಾರಿ ಅದರುತ್ತದೆ, ಮತ್ತು ತೋಳಿನ ಸಹಜ ಕಂಪನ ಅದಕ್ಕೆ ಸಮೀಪವಿದ್ದರೆ ಆ ವೇಗದಲ್ಲಿ ಮಾತ್ರ ಬಿಂಬ ಕಲಸಿಹೋಗಿ, ವೇಗ ಬದಲಾದಾಗ ತಿಳಿಯಾಗುತ್ತದೆ. ತೋಳಿನ ಬಿಗುವು ಅದರ ಉದ್ದದ ಘನಕ್ಕೆ ವಿಲೋಮವಾಗಿರುವುದರಿಂದ, 20 ಸೆಂ.ಮೀ. ತೋಳಿನ ಬದಲು ಅದೇ ದಪ್ಪದ 15 ಸೆಂ.ಮೀ. ತೋಳನ್ನು ಬಳಸಿದರೆ ಬಿಗುವು ಎರಡು ಪಟ್ಟಿಗೂ ಹೆಚ್ಚಾಗುತ್ತದೆ. ಮೊಣಕೈ ನೋಟಕ್ಕೆ ಅಡ್ಡಬಾರದಷ್ಟು ಉದ್ದವಿದ್ದರೆ ಸಾಕು, ಅದಕ್ಕಿಂತ ಹೆಚ್ಚು ಬೇಡ.

ಕೂರಿಸುವಾಗ ಸೈಡ್ ಸ್ಟ್ಯಾಂಡಿನ ಮೇಲೆ ಹೊಂದಿಸಬೇಡಿ. ಜಾಕೆಟ್ ತೊಟ್ಟು, ಬೈಕನ್ನು ನೆಟ್ಟಗೆ ನಿಲ್ಲಿಸಿಕೊಂಡು ಕುಳಿತು, ಕನ್ನಡಿಯ ಒಳಅಂಚಿನಲ್ಲಿ ನಿಮ್ಮ ತೋಳು ಚೂರೇ ಕಾಣುವಂತೆ, ದಿಗಂತ ನಡುಮಧ್ಯಕ್ಕೆ ಬರುವಂತೆ ತಿರುಗಿಸಿ. ಫುಟ್‌ಪೆಗ್ ಮೇಲೆ ನಿಂತು ಓಡಿಸುವಾಗ ಈ ಹೊಂದಾಣಿಕೆ ಕೆಲಸಕ್ಕೆ ಬಾರದು, ಆಗ ಕನ್ನಡಿಯ ಉಪಯೋಗವೂ ಅಷ್ಟಕ್ಕಷ್ಟೇ. ಕಡಿದಾದ ಏರಿನಲ್ಲಿ ಮುಂದಕ್ಕೆ ಬಾಗಿದಾಗ ಎದೆಗೋ ಮುಖಕ್ಕೋ ತಗುಲುವ ಸಂಭವವೇ ಹೆಚ್ಚು. ಆದ್ದರಿಂದ ಮಣ್ಣುದಾರಿ ಶುರುವಾಗುವಲ್ಲಿ ಎರಡನ್ನೂ ಒಳಕ್ಕೆ ಮಡಚಿಡಿ, ಡಾಂಬರು ಸಿಕ್ಕೊಡನೆ ಬಿಡಿಸಿ. ಈಗಿರುವ ಗಟ್ಟಿ ಕಂಬಿಯನ್ನೇ ಕೆಲಕಾಲ ಬಳಸುವುದಾದರೆ, ಥ್ರೆಡ್‌ಗೆ ನಲ್ಲಿ ಕೆಲಸದ ಟೆಫ್ಲಾನ್ ಟೇಪ್ ಸುತ್ತಿ, ಗಾಳಿಗೆ ನಿಲ್ಲುವಷ್ಟು ಆದರೆ ಜೋರಾಗಿ ತಳ್ಳಿದರೆ ತಿರುಗುವಷ್ಟು ಮಾತ್ರ ಲಾಕ್‌ನಟ್ ಬಿಗಿಯಿರಿ.

ಕಳಚಿಬಿಡುವ ಸಲಹೆಗೆ ಉತ್ತರ ಚಿಕ್ಕದು. ನಮ್ಮಲ್ಲಿ ಹಿನ್ನೋಟದ ಕನ್ನಡಿಗಳ ಗುಣಕ್ಕೆ ಎಐಎಸ್-001, ಅಳವಡಿಕೆಗೆ ಎಐಎಸ್-002 ಎಂಬ ವಾಹನೋದ್ಯಮದ ಮಾನದಂಡಗಳಿವೆ, ಕನ್ನಡಿಯಿಲ್ಲದ ದ್ವಿಚಕ್ರ ವಾಹನಗಳಿಗೆ ಬೆಂಗಳೂರಿನ ಸಂಚಾರ ಪೊಲೀಸರು ದಂಡ ಹಾಕುತ್ತಾರೆ. ಮಾಗಡಿ ರಸ್ತೆಯನ್ನು ದಾಟದೆ ನೀವು ಮಣ್ಣುದಾರಿ ತಲುಪುವುದೂ ಇಲ್ಲ. ತೀರಾ ಕಡಿದಾದ ಕಡೆ ಕಳಚಲೇಬೇಕೆನಿಸಿದರೆ ಬಟ್ಟೆ ಸುತ್ತಿ ಚೀಲದಲ್ಲಿಡಿ, ತೆರೆದ ತೂತಿಗೆ ಒಂದು ಬೋಲ್ಟ್ ತಿರುಗಿಸಿಡಿ. ಕೆಸರು ತುಂಬಿದ ಥ್ರೆಡ್ಡಿಗೆ ಕನ್ನಡಿಯನ್ನು ಬಲವಂತವಾಗಿ ತಿರುಗಿಸಿದರೆ ಹಾಳಾಗುವುದು ಹಿಡಿಕೆ.

ಪ್ರಶ್ನೆ: ಯಮಹಾ ಬೈಕಿನ ಒಂದು ಜೊತೆ ಕನ್ನಡಿ ಸಿಕ್ಕಿತು. ನನ್ನ ಬೈಕು ಬೇರೆ ಕಂಪನಿಯದು. ಎಡಗಡೆಯದು ಸರಿಯಾಗಿ ಕೂತಿತು, ಬಲಗಡೆಯದು ಎಷ್ಟು ತಿರುಗಿಸಿದರೂ ಹಿಡಿಯುತ್ತಿಲ್ಲ. ಥ್ರೆಡ್ ಸವೆದಿದೆಯೇ?

ಉತ್ತರ: ಸವೆದಿರಲಾರದು. ಯಮಹಾದ ಹಲವು ಮಾದರಿಗಳಲ್ಲಿ ಬಲಗನ್ನಡಿಗೆ ಎಡಸುತ್ತಿನ, ಅಂದರೆ ಗಡಿಯಾರದ ಮುಳ್ಳಿನ ವಿರುದ್ಧ ದಿಕ್ಕಿಗೆ ತಿರುಗಿಸಿದರೆ ಬಿಗಿಯಾಗುವ ಥ್ರೆಡ್ ಇರುತ್ತದೆ. ಬಲಬದಿಗೆ ಚಾಚಿದ ತೋಳಿಗೆ ಎದುರಿನಿಂದ ಏನಾದರೂ ಬಡಿದು ಅದು ಹಿಂದಕ್ಕೆ ತಳ್ಳಲ್ಪಟ್ಟರೆ, ಮೇಲಿನಿಂದ ನೋಡಿದಾಗ ಅದು ಗಡಿಯಾರದ ಮುಳ್ಳಿನ ದಿಕ್ಕಿಗೇ ತಿರುಗುತ್ತದೆ. ಮಾಮೂಲಿ ಥ್ರೆಡ್ ಆ ದಿಕ್ಕಿನಲ್ಲಿ ಇನ್ನಷ್ಟು ಬಿಗಿಯಾಗಿ ಹೊಡೆತವನ್ನು ಹಿಡಿಕೆಗೆ ಸಾಗಿಸುತ್ತದೆ, ಎಡಸುತ್ತಿನದು ಸಡಿಲಗೊಂಡು ಬಿಟ್ಟುಕೊಡುತ್ತದೆ. ಎಡಬದಿಯಲ್ಲಿ ಮಾಮೂಲಿ ಥ್ರೆಡ್ಡೇ ಹಾಗೆ ಸಡಿಲವಾಗುವುದರಿಂದ ಅಲ್ಲಿ ವ್ಯತ್ಯಾಸವಿಲ್ಲ. ಬಲವಂತ ಮಾಡದೆ ಎಡಸುತ್ತನ್ನು ಬಲಸುತ್ತಿಗೆ ಬದಲಿಸುವ ಅಡಾಪ್ಟರ್ ಕೊಳ್ಳಿ. ಬೈಕುಗಳಲ್ಲಿ 10 ಮಿ.ಮೀ. ವ್ಯಾಸದ, ಸುತ್ತಿನಿಂದ ಸುತ್ತಿಗೆ 1.25 ಮಿ.ಮೀ. ಅಂತರದ ಥ್ರೆಡ್ ಹೆಚ್ಚು ಬಳಕೆಯಲ್ಲಿದೆ, 8 ಮಿ.ಮೀ. ಥ್ರೆಡ್ಡಿನ ಗಾಡಿಗಳೂ ಇವೆ, ಆದ್ದರಿಂದ ಬಿಡಿಭಾಗ ಕೊಳ್ಳಲು ಜೆ.ಸಿ. ರಸ್ತೆಗೆ ಹೋಗುವಾಗ ನಿಮ್ಮ ಬೈಕಿನ ಹಳೆಯ ಬಲಗನ್ನಡಿಯನ್ನೂ ಜೊತೆಗೆ ಒಯ್ದು, ಅಡಾಪ್ಟರಿನ ಎರಡೂ ತುದಿಗಳನ್ನು ಅಂಗಡಿಯಲ್ಲೇ ತಾಳೆ ನೋಡಿ ಹಣ ಕೊಡಿ.